ಉದ್ಯಾಪನೆಯಿಲ್ಲದ ವ್ರತ

ಈ ಸಲ ಸ್ನ್ಯಾಪ್‌ಚಾಟ್ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರೊಬ್ಬರು ‘ನಾಯಿಕಿವಿ ಅಂಟಿಸಿಕೊಂಡು ಫೋಟೊ ಹೊಡೆಯೋ ಆಟ ತಾನೇ ಅದು, ಅದರಲ್ಲಿ ಬರೆಯೋಕೇನಿದೆ?’ ಎಂದು ನಕ್ಕರು. ನಲವತ್ತು ದಾಟಿದ ಬಹುಪಾಲು ಜನರ ಅಭಿಪ್ರಾಯ ಇದೇ. ಸ್ವಲ್ಪ ಹೆಚ್ಚು ಗಾಬರಿಯುಳ್ಳವರ ದೂರು ಇನ್ನೊಂದು: ಕಳಿಸಿದ ಫೋಟೊ ತಾನಾಗಿಯೇ ಅಳಿಸಿಹೋಗುತ್ತದೆ ಎಂದಮೇಲೆ ಅಲ್ಲೇನೋ ಮುಚ್ಚಿಡುವಂಥದ್ದು ನಡೆಯುತ್ತಿರಲೇಬೇಕು. ಎರಡನ್ನೂ ನಾನು ಒಪ್ಪುವುದಿಲ್ಲ. ಈ ಆ್ಯಪ್‌ನಲ್ಲಿ ಬೈಯಬೇಕಾದದ್ದು ಬೇಕಾದಷ್ಟಿದೆ. ಆದರೆ ನಾವು ಬೈಯುತ್ತಿರುವುದು ಅದರಲ್ಲಿದ್ದ ಒಂದು ಒಳ್ಳೆಯ ಗುಣವನ್ನು. ಅಳಿಸುವುದನ್ನು ಕಂಡು ಹೌಹಾರುತ್ತೇವೆ, ಎಣಿಸುವುದನ್ನು ಕಂಡೂ ಸುಮ್ಮನಿದ್ದೇವೆ.

ಮೊದಲು ಆ ಗುಣದ ಮಾತು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ನಾನೀಗ ಇರುವ ಊರು ಮದರಾಸಾಗಿದ್ದ ಕಾಲಕ್ಕೆ. ಕಂಪನಿಯ ಮದರಾಸು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಕ್ಯಾಮೆರಾ ಹೊತ್ತು ಹಳೇಬೀಡು, ಬೇಲೂರು, ಶ್ರವಣಬೆಳಗೊಳ ಸುತ್ತಿದ. ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಅವನು ಹಿಡಿದ ದೇವಾಲಯಗಳ ಪಟಗಳು 1855ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ತೂಗಿದವು. ಮುಂದೆ ಅವನನ್ನು ಮದರಾಸು ಸರ್ಕಾರದ ಛಾಯಾಗ್ರಾಹಕನನ್ನಾಗಿಯೇ ನೇಮಿಸಿದರು. ಅವನ ಪಟಗಳು ಇವತ್ತಿಗೂ ಲಂಡನ್ನಿನ ಸಂಗ್ರಹಗಳಲ್ಲಿ ಜೋಪಾನವಾಗಿವೆ. ಆ ಕಾಲದಲ್ಲಿ ಫೋಟೊ ಅಂದರೆ ಶಾಸನ. ಕಲ್ಲಿನ ಮೇಲಿದ್ದದ್ದನ್ನು ಕಾಗದದ ಮೇಲೆ ಮತ್ತೊಮ್ಮೆ ಕೆತ್ತುವ ಕೆಲಸ.

ನಮ್ಮ ಮನೆಗಳಿಗೆ ಬಂದ ಫೋಟೊ ಕೂಡ ಅದೇ ಜಾತಿಯದು. ಮದುವೆಯದು, ನಾಮಕರಣದ್ದು, ಹೆಣ್ಣು ತೋರಿಸಲು ಸ್ಟುಡಿಯೋದಲ್ಲಿ ಹೂಕುಂಡದ ಪಕ್ಕ ನಿಲ್ಲಿಸಿದ್ದು, ಕೊನೆಗೆ ಹಾರ ಹಾಕಿ ಗೋಡೆಗೆ ನೇತುಹಾಕಿದ್ದು. ಕನ್ನಡದ ಕ್ರಿಯಾಪದವೇ ಇದನ್ನು ಹೇಳುತ್ತದೆ: ‘ಫೋಟೊ ತೆಗೆಸಿಕೊಂಡರು’. ತೆಗೆ, ಇಸು, ಕೊಳ್ಳು. ಇನ್ನೊಬ್ಬರ ಕೈಯಲ್ಲಿ ಮಾಡಿಸಿ, ತಮಗಾಗಿ ಇಟ್ಟುಕೊಳ್ಳುವುದು. ಮಾಡಿಸಿದ್ದೇ ಇಟ್ಟುಕೊಳ್ಳುವುದಕ್ಕೆ. ವ್ಯಾಕರಣದಲ್ಲೇ ಒಂದು ಟ್ರಂಕು ಇದೆ.

ಈಗ ನಮ್ಮ ಬೀದಿಯ ಪಿಜಿಯಲ್ಲಿರುವ ಕನ್ನಡದ ಹುಡುಗಿಯರ ಮಾತು ಕೇಳಿ. ಅವರು ಸ್ನ್ಯಾಪ್ ತೆಗೆಯುವುದಿಲ್ಲ, ತೆಗೆಸಿಕೊಳ್ಳುವುದಂತೂ ಇಲ್ಲವೇ ಇಲ್ಲ. ‘ಸ್ನ್ಯಾಪ್ ಹಾಕ್ದೆ’, ‘ಬೆಳಗ್ಗೆಯಿಂದ ಒಂದು ಸ್ನ್ಯಾಪೂ ಹಾಕಿಲ್ಲ ಅವಳು’. ಹಾಕುವುದು. ಕಾಗದ ಹಾಕು, ಮಿಸ್ಡ್ ಕಾಲ್ ಹಾಕು ಅನ್ನುವಾಗಿನ ಹಾಕು. ಇಟ್ಟುಕೊಳ್ಳುವ ವಸ್ತುವಿನ ಜಾಗದಲ್ಲಿ ಆಡಿ ಮುಗಿಸುವ ಮಾತು ಬಂದು ಕೂತಿದೆ. ಭಾಷಾಶಾಸ್ತ್ರ ಓದಿ ನಾನು ಗಳಿಸಿದ್ದು ಹೆಚ್ಚೇನಿಲ್ಲ, ಆದರೆ ಕ್ರಿಯಾಪದ ಬದಲಾದಲ್ಲಿ ಕಿವಿ ನಿಮಿರುತ್ತದೆ.

2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇವಾನ್ ಸ್ಪೀಗಲ್, ಬಾಬಿ ಮರ್ಫಿ, ರೆಜಿ ಬ್ರೌನ್ ಸೇರಿ ಮಾಡಿದ್ದು ಇಷ್ಟನ್ನೇ. ಜುಲೈನಲ್ಲಿ ‘ಪಿಕಾಬೂ’ ಎಂಬ ಹೆಸರಿನಲ್ಲಿ ಬಂದ ಆ್ಯಪ್ ಸೆಪ್ಟೆಂಬರ್‌ನಲ್ಲಿ ಸ್ನ್ಯಾಪ್‌ಚಾಟ್ ಆಯಿತು. ಕಳಿಸಿದ ಚಿತ್ರ ಎಷ್ಟು ಹೊತ್ತು ಕಾಣಬೇಕು ಎಂದು ಕಳಿಸುವವರೇ ನಿರ್ಧರಿಸುತ್ತಿದ್ದರು, ಹೆಚ್ಚೆಂದರೆ 10 ಸೆಕೆಂಡು. ನೋಡುವವರು ಅಷ್ಟು ಹೊತ್ತೂ ಪರದೆಯ ಮೇಲೆ ಬೆರಳು ಒತ್ತಿ ಹಿಡಿದಿರಬೇಕಿತ್ತು. ಬೆರಳು ಎತ್ತಿದರೆ ಮರೆ, ಸಮಯ ಮುಗಿದರೆ ಮಾಯ. ಇನ್ನೊಂದು ಸಣ್ಣ ಸಂಗತಿ ನನಗೆ ದೊಡ್ಡದಾಗಿ ಕಾಣುತ್ತದೆ. ಈ ಆ್ಯಪ್ ತೆರೆದರೆ ಮೊದಲು ಕಾಣುವುದು ಊರವರ ಫೋಟೊಗಳಲ್ಲ, ಕ್ಯಾಮೆರಾ. ಬೇರೆ ಆ್ಯಪ್‌ಗಳು ‘ಬಾ, ಬೇರೆಯವರು ಏನು ಮಾಡಿದ್ದಾರೆ ನೋಡು’ ಅನ್ನುತ್ತಿದ್ದಾಗ ಇದು ‘ಹೇಳು’ ಅಂದಿತು.

ವೇಳಚ್ಚೇರಿ ಕಡೆಯ ಎಂಆರ್‌ಟಿಎಸ್ ರೈಲಿನಲ್ಲಿ ಕಾಲೇಜು ಬಿಡುವ ಹೊತ್ತಿಗೆ ಒಮ್ಮೆ ಕೂತು ನೋಡಿ. ಹುಡುಗ ಹುಡುಗಿಯರು ಫೋನು ಎತ್ತಿ ಅರ್ಧ ಹಣೆ, ಒಂದು ಕಣ್ಣು, ರೈಲಿನ ಸೂರು, ತಮ್ಮದೇ ಚಪ್ಪಲಿ ಹೀಗೆ ಏನನ್ನೋ ಹಿಡಿದು ಕಳಿಸಿ ಫೋನು ಇಳಿಸುತ್ತಾರೆ. ಎರಡು ಸೆಕೆಂಡಿನ ಕೆಲಸ. ತಲೆ ಬಾಚಿಕೊಳ್ಳುವುದಿಲ್ಲ, ನಗುವುದೂ ಇಲ್ಲ. ಇದನ್ನು ‘ಆತ್ಮರತಿ’ ಎಂದು ಅಂಕಣಗಳಲ್ಲಿ ಬರೆಯುವವರು ಈ ಫೋಟೊಗಳನ್ನು ನೋಡಿಲ್ಲ. ತನ್ನ ಚಂದದ ಮೇಲೆ ಮೋಹವಿದ್ದವರು ಗಲ್ಲದ ಕೆಳಗಿನಿಂದ ಫೋಟೊ ಹೊಡೆದುಕೊಳ್ಳುವುದಿಲ್ಲ.

ಹಾಗಾದರೆ ಆ ಚಪ್ಪಲಿಯ ಫೋಟೊ ಏನು ಹೇಳುತ್ತದೆ? ‘ಊಟ ಆಯ್ತಾ?’ ಎಂದು ಹೇಳುತ್ತದೆ. ದಾರಿಯಲ್ಲಿ ಸಿಕ್ಕವರನ್ನು ನಾವು ಊಟ ಆಯ್ತಾ ಎಂದು ಕೇಳುತ್ತೇವೆ, ಚೆನ್ನೈನಲ್ಲಿ ‘ಸಾಪ್ಟಿಯಾ’ ಅನ್ನುತ್ತಾರೆ. ಆಗಿಲ್ಲ ಎಂದರೆ ಅನ್ನ ಬಡಿಸುವ ಉದ್ದೇಶ ಕೇಳಿದವರಿಗೆ ಇರುವುದಿಲ್ಲ, ಬಡಿಸುತ್ತಾರೆಂಬ ನಿರೀಕ್ಷೆ ಕೇಳಿಸಿಕೊಂಡವರಿಗೂ ಇರುವುದಿಲ್ಲ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಬರೆದ ಒಂದು ಲೇಖನದಲ್ಲಿ ಇಂಥ ಮಾತುಗಳನ್ನು ಬೇರೆ ಮಾಡಿ ತೋರಿಸಿದ. ಸುದ್ದಿ ಮುಟ್ಟಿಸುವುದಕ್ಕಲ್ಲ, ಬರೀ ನಂಟು ಉಳಿಸಿಕೊಳ್ಳುವುದಕ್ಕೆ ಆಡುವ ಮಾತುಗಳು. ಅವುಗಳಲ್ಲಿ ಅರ್ಥ ಹುಡುಕುವವನು ಪೆದ್ದ. ಅವನ್ನು ಬರೆದಿಡುವವನು ಇನ್ನೂ ಪೆದ್ದ. ಸ್ನ್ಯಾಪ್‌ಚಾಟ್‌ನ ಆಕರ್ಷಣೆ ಇದ್ದದ್ದು ಇಲ್ಲಿ. ಹೊರಗೆ ಓದಲು ಹೋದ ಮಕ್ಕಳಿಗೆ ಅದು ದೂರದಿಂದಲೇ ‘ಊಟ ಆಯ್ತಾ’ ಅನ್ನುವ ದಾರಿಯೊಂದನ್ನು ಕೊಟ್ಟಿತು, ಆಮೇಲೆ ಒರೆಸಿಯೂ ಹಾಕಿತು. ಆಡಿದ ಮಾತು ಗಾಳಿಯಲ್ಲಿ ಕರಗುವ ಹಾಗೆ.

ಈ ಕರಗುವಿಕೆಯ ಬಗ್ಗೆಯೇ ಅನುಮಾನವಿರುವವರಿಗೆ ಎರಡು ಮಾತು. ಅನುಮಾನಕ್ಕೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. 2014ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಂಪನಿಯನ್ನು ಹಿಡಿದು ನಿಲ್ಲಿಸಿತು. ಮಾಯವಾಗುತ್ತದೆ ಎಂದದ್ದು ಮಾಯವಾಗುತ್ತಿರಲಿಲ್ಲ, ಬೇರೆ ಆ್ಯಪ್‌ಗಳ ಮೂಲಕ ಉಳಿಸಿಕೊಳ್ಳಬಹುದಿತ್ತು, ಬಂದ ವಿಡಿಯೊಗಳು ಫೋನಿನಲ್ಲೇ ಸಿಗುವಂತಿದ್ದವು, ಇಲ್ಲವೆಂದು ಹೇಳಿಯೂ ಬಳಕೆದಾರರ ಸ್ಥಳದ ವಿವರ ರವಾನೆಯಾಗುತ್ತಿತ್ತು ಎಂಬುದು ಆಪಾದನೆ. 20 ವರ್ಷ ಕಾಲ ಹೊರಗಿನವರಿಂದ ತಪಾಸಣೆ ಎಂಬ ಷರತ್ತಿನ ಮೇಲೆ ರಾಜಿಯಾಯಿತು. ಇವತ್ತಿಗೂ ಎದುರಿನವರು ಸ್ಕ್ರೀನ್‌ಶಾಟ್ ಹೊಡೆದರೆ ನಮಗೊಂದು ಸೂಚನೆ ಬರುತ್ತದೆ, ಅಷ್ಟೇ. ಅದು ಕಳ್ಳ ಹೋದಮೇಲೆ ಬೊಗಳುವ ನಾಯಿ. ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆದರೆ ಅದೂ ಬೊಗಳುವುದಿಲ್ಲ. ಹುಡುಗಿಯರಿಗೆ ಇದನ್ನು ಹೇಳಲೇಬೇಕು, ಮತ್ತೆ ಮತ್ತೆ ಹೇಳಬೇಕು.

ಆದರೆ ಮಾತು ಕೊಟ್ಟು ತಪ್ಪಿದ್ದಕ್ಕೂ ಆ ಮಾತನ್ನು ಬಯಸಿದ್ದಕ್ಕೂ ವ್ಯತ್ಯಾಸವಿದೆ. ಅಳಿಸಿಹೋಗಲಿ ಎಂಬ ಬಯಕೆ ಕಳ್ಳರದ್ದು ಮಾತ್ರವಲ್ಲ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಒಂದು ಪ್ರಕರಣ ಬಂದಿತ್ತು. ಆರೋಪದಿಂದ ಖುಲಾಸೆಯಾದ ವ್ಯಕ್ತಿಯೊಬ್ಬರು ತೀರ್ಪಿನಲ್ಲಿ ತಮ್ಮ ಹೆಸರು ಎಲ್ಲರಿಗೂ ಕಾಣುವಂತೆ ಉಳಿದಿರುವುದನ್ನು ತೆಗೆಸಿ ಎಂದು ಬೇಡಿದರು. 2021ರಲ್ಲಿ ಏಕಸದಸ್ಯ ಪೀಠ ಒಪ್ಪಲಿಲ್ಲ, 2024ರ ಫೆಬ್ರುವರಿಯಲ್ಲಿ ವಿಭಾಗೀಯ ಪೀಠ ಒಪ್ಪಿತು, ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ತಪ್ಪು ಮಾಡಿಲ್ಲ ಎಂದು ನ್ಯಾಯಾಲಯವೇ ಹೇಳಿದವರಿಗೂ ಮರೆಸಿಕೊಳ್ಳುವುದು ಇಷ್ಟು ಕಷ್ಟ. ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ 2017ರ ಆಗಸ್ಟ್ 24ರ ತೀರ್ಪಿಗೆ ಅಂಟಿಕೊಂಡಿರುವ ಹೆಸರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಬಚ್ಚಿಡಲು ಏನೂ ಇಲ್ಲದವರು ಎತ್ತಿದ ಪ್ರಶ್ನೆ ಅದು. ಹದಿನಾರರ ಮಕ್ಕಳು ‘ನಾನು ಇವತ್ತು ಆಡಿದ್ದು ನಾಳೆಗೆ ಬೇಡ’ ಅಂದರೆ ನಾವೇಕೆ ಹುಬ್ಬೇರಿಸಬೇಕು? ಹದಿನಾರರಲ್ಲಿ ನಾವು ಜಗುಲಿ ಮೇಲೆ ಕೂತು ಆಡಿದ್ದೆಲ್ಲ ಎಲ್ಲೋ ಉಳಿದಿದ್ದಿದ್ದರೆ ನಮಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಇಲ್ಲಿಯವರೆಗೆ ನಾನು ಆ್ಯಪ್‌ನ ವಕೀಲಿಕೆ ಮಾಡಿದೆ. ಇನ್ನು ಮುಂದೆ ಇಲ್ಲ.

ಉಚಿತವಾಗಿ ಮಾತಾಡಲು ಬಿಟ್ಟರೆ ಕಂಪನಿಗೆ ಗಿಟ್ಟುವುದೇನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಈ ಆ್ಯಪ್ ಬೆಳೆಯಿತು. 2013ರ ಅಕ್ಟೋಬರ್‌ನಲ್ಲಿ 24 ಗಂಟೆ ಉಳಿಯುವ ಸ್ಟೋರಿ ಬಂತು. ಅದೇ ವರ್ಷ ಫೇಸ್‌ಬುಕ್ 300 ಕೋಟಿ ಡಾಲರ್ ಕೊಡುತ್ತೇನೆ ಅಂದಾಗ ಸ್ಪೀಗಲ್ ಒಲ್ಲೆ ಅಂದ. 2016ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂ, ಮರುವರ್ಷ ವಾಟ್ಸ್ಆ್ಯಪ್ ಆ ಸ್ಟೋರಿಯನ್ನು ಹಾಗೆಯೇ ಎತ್ತಿಕೊಂಡವು. ನಮ್ಮ ಚಿಕ್ಕಮ್ಮಂದಿರು ಬೆಳಗಾದರೆ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹಾಕುವ ರಾಯರ ಫೋಟೊದ ಮೂಲ ಅದು, ಪಾಪ ಅವರಿಗೆ ಗೊತ್ತಿಲ್ಲ. 2015ರಲ್ಲಿ ಉಕ್ರೇನಿನ ಒಂದು ಕಂಪನಿಯನ್ನು ಕೊಂಡು ಲೆನ್ಸ್ ತಂದರು, ಮುಖಕ್ಕೆ ನಾಯಿಕಿವಿ ಬಂದದ್ದು ಆಮೇಲೆ. ಲೆನ್ಸ್ ಬಗ್ಗೆ ನನ್ನ ತಕರಾರಿಲ್ಲ. ಹಗಲುವೇಷ ಕಟ್ಟುವವರ ನಾಡಿನವರು ನಾವು, ಸೋಗು ಹಾಕಿದರೆ ಮುಖವೇನೂ ಸವೆಯುವುದಿಲ್ಲ.

ತಕರಾರು ಇರುವುದು ಸ್ಟ್ರೀಕ್ ಮೇಲೆ.

ಬಳಸದವರಿಗಾಗಿ ಹೇಳುತ್ತೇನೆ. ಇಬ್ಬರು ಪ್ರತಿ 24 ಗಂಟೆಯೊಳಗೆ ಒಬ್ಬರಿಗೊಬ್ಬರು ಸ್ನ್ಯಾಪ್ ಕಳಿಸುತ್ತ ಹೋದರೆ, ಮೂರನೆಯ ದಿನ ಅವರಿಬ್ಬರ ಹೆಸರಿನ ಪಕ್ಕ ಒಂದು ಬೆಂಕಿಯ ಗುರುತು ಮತ್ತು ಒಂದು ಅಂಕಿ ಕಾಣಿಸಿಕೊಳ್ಳುತ್ತದೆ. ದಿನಕ್ಕೊಂದರಂತೆ ಅಂಕಿ ಏರುತ್ತದೆ. ಬರೆದು ಕಳಿಸಿದ ಮಾತು ಲೆಕ್ಕಕ್ಕಿಲ್ಲ, ಫೋಟೊ ಅಥವಾ ವಿಡಿಯೊನೇ ಆಗಬೇಕು. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಅಂಕಿ ಸೊನ್ನೆ. ತಪ್ಪುವ ಹೊತ್ತು ಹತ್ತಿರವಾದಾಗ ಮರಳುಗಡಿಯಾರದ ಚಿತ್ರವೊಂದು ಬಂದು ಹೆದರಿಸುತ್ತದೆ.

ಪಿಜಿಯ ಹುಡುಗಿಯರಲ್ಲಿ ಒಬ್ಬಳು ದಾವಣಗೆರೆಯವಳು. ಅವಳಿಗೂ ಅವಳ ಹೈಸ್ಕೂಲ್ ಗೆಳತಿಗೂ ಆರುನೂರು ದಾಟಿದ ಸ್ಟ್ರೀಕ್ ಇದೆ. ದಿನಾ ಏನು ಕಳಿಸ್ತೀಯಾ ಎಂದು ಕೇಳಿದೆ.

‘ಏನಿಲ್ಲ ಅಕ್ಕಾ, ಫ್ಯಾನು.’

‘ಅವಳು?’

‘ಅವಳೂ ಫ್ಯಾನೇ. ಒಂದೊಂದ್ಸಲ ಗೋಡೆ.’

‘ಫೋನ್ ಮಾಡಿ ಮಾತಾಡಲ್ವಾ?’

‘ಮೊದ್ಲು ಮಾಡ್ತಿದ್ವಿ. ಈಗ ಹೆಂಗೂ ಸ್ಟ್ರೀಕ್ ಐತಲ್ಲ.’

ಆ ‘ಹೆಂಗೂ ಐತಲ್ಲ’ ನನ್ನನ್ನು ಇನ್ನೂ ಬಿಟ್ಟಿಲ್ಲ. ಊಟ ಆಯ್ತಾ ಎಂದು ಕೇಳುವ ಮಾತಿಗೆ ಬಾಗಿಲಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸಿದ್ದಾರೆ. ಅವನಿಗೆ ಊಟದ ಗೊಡವೆ ಇಲ್ಲ, ಇಂದಿಗೆ ಎಷ್ಟನೇ ಸಲ ಕೇಳಿದಿರಿ ಎಂಬುದಷ್ಟೇ ಅವನ ಕೆಲಸ. ಕೆಲವು ದಿನ ಕಳೆದಮೇಲೆ ನೀವೂ ಊಟ ಮರೆತು ಅವನ ಅಂಕಿಗಾಗಿ ಕೇಳತೊಡಗುತ್ತೀರಿ. ಪರೀಕ್ಷೆ ಬಂದಾಗ, ನೆಟ್‌ವರ್ಕ್ ಇಲ್ಲದ ಊರಿಗೆ ಹೋಗುವಾಗ, ಸ್ಟ್ರೀಕ್ ಉಳಿಸಲೆಂದು ಮಕ್ಕಳು ತಮ್ಮ ಪಾಸ್‌ವರ್ಡನ್ನೇ ಗೆಳೆಯರ ಕೈಗೆ ಕೊಟ್ಟುಹೋಗುವುದು ಜಗತ್ತಿನಾದ್ಯಂತ ನಡೆಯುತ್ತದೆ. ಗೆಳೆತನದ ಗುರುತು ಉಳಿಸಲು ಮೂರನೆಯವರು ನಿಮ್ಮ ಹೆಸರಿನಲ್ಲಿ ಫ್ಯಾನಿನ ಫೋಟೊ ಕಳಿಸುತ್ತಾರೆ. ಖಾಸಗಿತನಕ್ಕೆಂದು ಹುಟ್ಟಿದ ಆ್ಯಪ್ ಮಕ್ಕಳ ಕೈಯಿಂದ ಬೀಗದ ಕೈಯನ್ನೇ ಹೊರಗೆ ಕೊಡಿಸಿತು.

ಸ್ಟ್ರೀಕ್ ಪದವನ್ನು ಅನುವಾದಿಸುವ ಕೆಲಸ ನನಗೂ ಬಂದಿತ್ತು. ಸ್ನ್ಯಾಪ್‌ಚಾಟ್‌ಗಲ್ಲ, ಬೇರೊಂದು ಆ್ಯಪ್‌ಗೆ, ಹೆಸರು ಬೇಡ. ಈಗ ಎಲ್ಲ ಆ್ಯಪ್‌ಗಳಿಗೂ ಈ ರೋಗ ಹತ್ತಿದೆ. ಇಂಗ್ಲಿಷಿನಲ್ಲಿ ಅದು ಗೆರೆ, ಪಟ್ಟೆ. ‘ಸರಣಿ’ ಅಂದರೆ ಕ್ರಿಕೆಟ್ಟು, ‘ಸರಪಳಿ’ ಅಂದರೆ ಜೈಲು (ಈಗ ಅನ್ನಿಸುತ್ತದೆ ಅದೇ ಸರಿ ಇತ್ತೆಂದು). ‘ಸತತ 12 ದಿನ’ ಎಂದು ಬರೆದು ಕಳಿಸಿದೆ. ‘ಕಳೆದುಕೊಳ್ಳಬೇಡಿ’ ಎಂಬ ಎಚ್ಚರಿಕೆಯ ಸಾಲನ್ನು ‘ಇವತ್ತಿನದು ಬಾಕಿ ಇದೆ’ ಎಂದು ಮೆತ್ತಗೆ ಮಾಡಿದ್ದೆ. ಪರಿಶೀಲಕರ ಟಿಪ್ಪಣಿ ಬಂತು: ತುರ್ತು ಕಮ್ಮಿಯಾಗಿದೆ, ಕಳೆದುಕೊಳ್ಳುವ ಭಾವ ಬರಬೇಕು. ಭಾವವೂ ನಿಘಂಟಿನ ಜೊತೆಗೇ ಬಂದಿತ್ತು, ಅಕ್ಷರಮಿತಿಯೊಳಗೆ.

ನಿಜವಾಗಿ ಕನ್ನಡದಲ್ಲಿ ಇದಕ್ಕೊಂದು ಹತ್ತಿರದ ಪದವಿದೆ: ವ್ರತ. ತಪ್ಪಿಸಬಾರದು, ತಪ್ಪಿದರೆ ಕೇಡು, ದಿನ ಎಣಿಸಬೇಕು. ಎಲ್ಲ ಹೊಂದುತ್ತದೆ. ಆದರೂ ಆ ಪದ ಬಳಸಲು ನನ್ನ ಮನಸ್ಸು ಒಪ್ಪಲಿಲ್ಲ, ವ್ರತಕ್ಕೆ ಅವಮಾನವಾಗುತ್ತದೆ. ನಮ್ಮಜ್ಜಿ ಹದಿನಾರು ಸೋಮವಾರದ ವ್ರತ ಹಿಡಿದರೆ ಹದಿನೇಳನೆಯ ಸೋಮವಾರ ಉದ್ಯಾಪನೆ. ಮುತ್ತೈದೆಯರನ್ನು ಕರೆದು ಊಟ ಹಾಕಿ, ಬಾಗಿನ ಕೊಟ್ಟು, ಮುಗಿಯಿತು ಅನ್ನುತ್ತಿದ್ದಳು. ನಡುವೆ ಸೂತಕ ಬಂದರೆ ಮುಂದಿನ ವಾರ, ಮೈ ಹುಷಾರಿಲ್ಲದಿದ್ದರೆ ಮನೆಯ ಇನ್ನೊಬ್ಬರು ದೀಪ ಹಚ್ಚಿದರೆ ಸಾಕು. ಅಂಥ ಕಟ್ಟುನಿಟ್ಟಿನ ಅಜ್ಜಿಯ ದೇವರಿಗೂ ಅಷ್ಟು ಮನುಷ್ಯತ್ವ ಇತ್ತು. ವ್ರತ ಹಿಡಿಯುವುದೇ ಮುಗಿಸುವುದಕ್ಕೆ. ಸ್ಟ್ರೀಕ್‌ಗೆ ಉದ್ಯಾಪನೆ ಇಲ್ಲ. ಆರುನೂರಾದರೂ ಮುಗಿಯದು, ಸಾವಿರವಾದರೂ ಮುಗಿಯದು, ಅದು ಮುರಿಯಬಹುದು ಅಷ್ಟೇ. ಗೌರವದಿಂದ ಮುಗಿಸುವ ಬಾಗಿಲನ್ನೇ ಇಡದೆ ಕಟ್ಟಿದ ಮನೆ. 2023ರಲ್ಲಿ ಮುರಿದ ಸ್ಟ್ರೀಕನ್ನು ಮತ್ತೆ ಜೋಡಿಸಿಕೊಡುವ ಸೌಲಭ್ಯವನ್ನೂ ತಂದರು, ಮೊದಲ ಸಲ ಉಚಿತ, ಆಮೇಲೆ ಹಣ. ಪ್ರಾಯಶ್ಚಿತ್ತಕ್ಕೆ ದಕ್ಷಿಣೆ.

ಇದಕ್ಕೆ ಒಂದು ಪ್ರತಿವಾದವಿದೆ, ಅದು ಹಗುರದ್ದಲ್ಲ. ನಂಟಿನಲ್ಲಿ ಲೆಕ್ಕ ಇಡುವುದನ್ನು ನಮಗೆ ಕ್ಯಾಲಿಫೋರ್ನಿಯಾದವರು ಬಂದು ಕಲಿಸಬೇಕಿರಲಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇದ್ದೇ ಇತ್ತು. ಯಾರು ಎಷ್ಟು ಹಾಕಿದರು, ನಾಳೆ ಅವರ ಮನೆಗೆ ನಾವೆಷ್ಟು ಹಾಕಬೇಕು. ಇಲ್ಲಿ ತಮಿಳುನಾಡಿನಲ್ಲಿ ಅದು ಮೊಯ್. ಪುದುಕ್ಕೋಟೆ, ತಂಜಾವೂರು ಕಡೆ ಮೊಯ್ ಎತ್ತುವುದಕ್ಕೆಂದೇ ಔತಣ ಹಾಕುತ್ತಾರೆ, ಮೊಯ್ ವಿರುಂದು. ಹಾಗಿರುವಾಗ ಇಬ್ಬರು ಗೆಳತಿಯರ ನಡುವಿನ ಒಂದು ಅಂಕಿಯನ್ನು ಕಂಡು ನಾನು ಇಷ್ಟೇಕೆ ಕೂಗಾಡಬೇಕು?

ಕೂಗಾಡಬೇಕು, ಯಾಕೆಂದರೆ ಮುಯ್ಯಿ ಪುಸ್ತಕ ಮನೆಯ ಅಲಮಾರಿಯಲ್ಲಿರುತ್ತದೆ. ಯಾವಾಗ ತೆಗೆದು ನೋಡಬೇಕು, ಯಾವ ಬಾಕಿಯನ್ನು ಕಂಡೂ ಕಾಣದಂತೆ ಬಿಡಬೇಕು ಎಂಬುದು ಮನೆಯವರಿಗೆ ಬಿಟ್ಟದ್ದು. ಬೆಳೆ ಹೋದ ವರ್ಷ ಭಾವ ಕಡಿಮೆ ಹಾಕಿದನೆಂದು ಯಾರೂ ಮರಳುಗಡಿಯಾರ ತೋರಿಸುವುದಿಲ್ಲ. ಸ್ಟ್ರೀಕ್‌ನ ಪುಸ್ತಕ ಇರುವುದು ಆ ಇಬ್ಬರ ಹತ್ತಿರವಲ್ಲ, ಮೂರನೆಯವನ ಹತ್ತಿರ. ಲೆಕ್ಕ ಎಂದೂ ಚುಕ್ತಾ ಆಗದಿದ್ದರೇ ಆ ಮೂರನೆಯವನಿಗೆ ಲಾಭ. ಎರಡು ಮನೆಯ ನಡುವಿನ ಮುಯ್ಯಿ ಪುಸ್ತಕವನ್ನು ಛತ್ರದ ಮಾಲೀಕ ಇಟ್ಟುಕೊಂಡಿದ್ದರೆ ನಾವು ವರ್ಷಕ್ಕೆಷ್ಟು ಮದುವೆ ಮಾಡಬೇಕಾಗುತ್ತಿತ್ತೋ!

ಎಣಿಸಲು ಕಲಿತವನು ಅಲ್ಲಿಗೇ ನಿಲ್ಲುವುದಿಲ್ಲ. 2017ರ ಜೂನ್‌ನಲ್ಲಿ ಸ್ನ್ಯಾಪ್ ಮ್ಯಾಪ್ ಬಂತು, ಗೆಳೆಯರು ಯಾವ ಬೀದಿಯಲ್ಲಿದ್ದಾರೆ ಎಂದು ನಕಾಶೆಯ ಮೇಲೆ ತೋರಿಸಲು. ಬೇಡವಾದರೆ ‘ದೆವ್ವದ ಸ್ಥಿತಿ’ಗೆ ಹೋಗಿ ಅಡಗಬಹುದು. ಮನುಷ್ಯರಾಗಿ ಸುಮ್ಮನಿರುವುದಕ್ಕೆ ದೆವ್ವವಾಗಬೇಕು. 2022ರ ಜೂನ್‌ನಲ್ಲಿ ಹಣ ಕೊಟ್ಟವರಿಗೆ ಸ್ನ್ಯಾಪ್‌ಚಾಟ್ ಪ್ಲಸ್ ತಂದರು. ಅದರಲ್ಲಿ ಸೌರಮಂಡಲ ಎಂಬ ಒಂದು ಸೌಲಭ್ಯವಿದೆ: ನಿಮ್ಮ ಗೆಳತಿ ಸೂರ್ಯ, ನೀವು ಅವಳ ಎಷ್ಟನೇ ಗ್ರಹ ಎಂದು ತೋರಿಸುತ್ತದೆ. ಬುಧನಾದರೆ ಅತಿ ಹತ್ತಿರ, ನೆಪ್ಚೂನ್ ಆದರೆ ಎಂಟನೆಯವರು. ಇದರಿಂದ ಮಕ್ಕಳು ನೊಂದುಕೊಳ್ಳುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಬಂದಮೇಲೆ 2024ರ ಏಪ್ರಿಲ್‌ನಲ್ಲಿ ಕಂಪನಿ ಅದನ್ನು ತಾನಾಗಿ ಚಾಲೂ ಇರದಂತೆ ಮಾಡಿತು. ತೆಗೆದುಹಾಕಲಿಲ್ಲ. ‘ನೀನು ನನಗೆ ಎಷ್ಟನೆಯವಳು’ ಎಂದು ಗೆಳತಿಯನ್ನು ಕೇಳುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಇಲ್ಲ. ಹದಿನಾಲ್ಕರ ಮಗುವಿಗೆ ಆ ಉತ್ತರವನ್ನು ಮಾರುತ್ತಿದ್ದಾರೆ. 2023ರಲ್ಲಿ ಚಾಟ್ ಪಟ್ಟಿಯ ತಲೆಯ ಮೇಲೆ ‘ಮೈ ಎಐ’ ಎಂಬ ಯಂತ್ರವೂ ಬಂದು ಕೂತಿತು. ಆರಂಭದಲ್ಲಿ ಅದನ್ನು ಅಲ್ಲಿಂದ ಎಬ್ಬಿಸಬೇಕಾದರೂ ಪ್ಲಸ್ ಚಂದಾದಾರರಾಗಿರಬೇಕಿತ್ತು.

ಇನ್ನು ಮೆಮೊರೀಸ್. ಎಲ್ಲವನ್ನೂ ಅಳಿಸುತ್ತೇನೆ ಎಂದು ಹೊರಟ ಆ್ಯಪ್ 2016ರ ಜುಲೈನಲ್ಲಿ ‘ಬೇಕಾದ್ದನ್ನು ಇಟ್ಟುಕೊಳ್ಳಿ, ನಮ್ಮಲ್ಲೇ ಇರಲಿ’ ಅಂದಿತು. ಮಕ್ಕಳು ಒಂಬತ್ತು ವರ್ಷ ಇಟ್ಟರು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಹೇಳಿತು: 5 ಜಿಬಿ ತನಕ ಉಚಿತ, ಮೇಲಿನದಕ್ಕೆ ತಿಂಗಳ ಬಾಡಿಗೆ. ಚೆನ್ನೈನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಮನೆ ಹಿಡಿದಿದ್ದ ನಮ್ಮಂಥವರಿಗೆ ಈ ಮನೆಮಾಲೀಕನ ಪರಿಚಯವಿದೆ. ಅವನು ಅಟ್ಟ ಖಾಲಿ ಇದೆ, ಸಾಮಾನು ಇಟ್ಟುಕೊಳ್ಳಿ ಅನ್ನುವುದು ಸಾಮಾನು ಇಳಿಸಲಾಗದಷ್ಟು ಆಗಲಿ ಎಂದು.

ಇಟ್ಟುಕೊಳ್ಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2015ರ ಡಿಸೆಂಬರ್ ಪ್ರವಾಹದ ನಂತರ ಈ ಊರಿನಲ್ಲಿ ಇದ್ದವರಿಗೆ ಅದು ಗೊತ್ತು. ಅಡ್ಯಾರ್ ನದಿ ಮನೆಗಳಿಗೆ ನುಗ್ಗಿ ಇಳಿದುಹೋದ ಮೇಲೆ ಜನ ಫ್ರಿಜ್ಜು, ಸೋಫಾಗಳನ್ನು ಬೀದಿಗೆಸೆದು, ಒದ್ದೆಯಾದ ಆಲ್ಬಮ್ಮಿನ ಹಾಳೆಗಳನ್ನು ಬಿಡಿಸಲು ಕೂತಿದ್ದರು. ಕೆಲವು ಫೋಟೊ ಉಳಿಯಲೇಬೇಕು. ಆದರೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಬಾಡಿಗೆ ದರಪಟ್ಟಿ ನಿರ್ಧರಿಸಬಾರದು.

ನಮ್ಮ ದೇಶದ ಮಾತಿಗೆ ಬರೋಣ. 2017ರ ಏಪ್ರಿಲ್‌ನಲ್ಲಿ ದೊಡ್ಡ ಗಲಾಟೆ ಆಗಿತ್ತು, ನೆನಪಿರಬಹುದು. ಈ ಆ್ಯಪ್ ಶ್ರೀಮಂತರಿಗೆ, ಭಾರತದಂಥ ಬಡದೇಶಕ್ಕೆ ಹೋಗುವ ಇರಾದೆ ಇಲ್ಲ ಎಂದು ಸ್ಪೀಗಲ್ ಹೇಳಿದ್ದನೆಂದು ಕಂಪನಿಯ ಮಾಜಿ ನೌಕರನೊಬ್ಬ ಅಮೆರಿಕದ ನ್ಯಾಯಾಲಯದಲ್ಲಿ ಆಪಾದಿಸಿದ್ದ. ಕಂಪನಿ ಅಲ್ಲಗಳೆಯಿತು. ನಮ್ಮವರು ಸಿಟ್ಟಿಗೆದ್ದು ಒಂದೊಂದು ಸ್ಟಾರ್ ಕೊಟ್ಟು ಆ್ಯಪ್ ಕಿತ್ತೊಗೆದರು, ಕೆಲವರು ಗಡಿಬಿಡಿಯಲ್ಲಿ ಪಾಪದ ಸ್ನ್ಯಾಪ್‌ಡೀಲ್ ಅನ್ನೂ ಕಿತ್ತರು. ಐದೇ ವರ್ಷದಲ್ಲಿ ಪ್ಲಸ್ ಸೇವೆ ಭಾರತಕ್ಕೆ ತಿಂಗಳಿಗೆ 49 ರೂಪಾಯಿಗೆ ಬಂತು. 2023ರಲ್ಲಿ ತಿಂಗಳಿಗೆ 20 ಕೋಟಿ ಭಾರತೀಯರು ಬಳಸುತ್ತಾರೆ ಎಂದು ಕಂಪನಿ ಹೇಳಿಕೊಂಡಿತು. ಆ್ಯಪ್ ಕನ್ನಡದಲ್ಲೂ ಸಿಗುತ್ತದೆ. ಅವತ್ತು ನಮ್ಮನ್ನು ಬಡವರೆಂದರು ಎಂದು ಕೂಗಿದವರು ಇವತ್ತು ನಮ್ಮ ಮಕ್ಕಳ ಗೆಳೆತನವನ್ನು ಎಣಿಸುತ್ತಿದ್ದಾರೆ ಎಂದು ಕೂಗುತ್ತಿಲ್ಲ. ಎರಡನೆಯದೇ ದೊಡ್ಡ ಅವಮಾನ.

ಬ್ಯಾನ್ ಮಾಡಿ ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸ್ನ್ಯಾಪ್‌ಚಾಟ್ ಸೇರಿದಂತೆ ಹಲವು ಜಾಲತಾಣಗಳ ಖಾತೆ ಇಲ್ಲದಂತೆ ಮಾಡಿದೆ. ಅದು ಗುಮಾಸ್ತನ ಜೊತೆಗೆ ಮಾತನ್ನೂ ಹೊರಗೆ ಹಾಕಿದ ಹಾಗೆ. ಅಮೆರಿಕದ ಫ್ಲೋರಿಡಾ, ಯೂಟಾ ರಾಜ್ಯಗಳು 2025ರಲ್ಲಿ ಹೂಡಿದ ದಾವೆಗಳ ದಾರಿ ನನಗೆ ಹೆಚ್ಚು ಸರಿ ಕಾಣುತ್ತದೆ. ಅವು ಮಕ್ಕಳನ್ನು ಚಟಕ್ಕೆ ಬೀಳಿಸುವ ವಿನ್ಯಾಸವನ್ನೇ ಪ್ರಶ್ನಿಸಿವೆ.

ನಮ್ಮಲ್ಲಿ ಪ್ರಶ್ನಿಸಲು ಕಾನೂನು ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಓದಿ. 18 ತುಂಬದವರೆಲ್ಲ ಮಕ್ಕಳು. ಅವರ ಜಾಡು ಹಿಡಿಯುವುದು, ಅವರ ನಡವಳಿಕೆಯ ಮೇಲೆ ಕಣ್ಣಿಡುವುದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು, ಅಂದರೆ 2027ರ ಮೇ. ಸ್ನ್ಯಾಪ್‌ಚಾಟ್ ಖಾತೆ ತೆರೆಯಲು 13 ಸಾಕು. ಹದಿಮೂರರಿಂದ ಹದಿನೆಂಟರವರೆಗಿನ ಮಗು ದಿನಕ್ಕೊಮ್ಮೆ ಯಾರಿಗೆ ಸ್ನ್ಯಾಪ್ ಹಾಕಿತು, ಯಾರಿಗೆ ಹಾಕಲಿಲ್ಲ ಎಂದು ವರ್ಷಗಟ್ಟಲೆ ಎಣಿಸಿ, ತಪ್ಪಿದರೆ ಎಚ್ಚರಿಸಿ, ಮುರಿದರೆ ಹಣ ಕೇಳುವುದು ನಡವಳಿಕೆಯ ಮೇಲೆ ಕಣ್ಣಿಡುವುದಲ್ಲದೆ ಮತ್ತೇನು? ಇದು ‘ಸೇವೆಯ ಭಾಗ’ ಎಂದು ಕಂಪನಿಯ ವಕೀಲರು ಹೇಳಬಹುದು. ಸ್ನ್ಯಾಪ್ ಕಳಿಸುವುದು ಸೇವೆ. ಎಣಿಸುವುದು ಸೇವೆಯಲ್ಲ, ಎಣಿಕೆ ನಿಲ್ಲಿಸಿದರೂ ಫ್ಯಾನಿನ ಫೋಟೊ ದಾವಣಗೆರೆಗೆ ತಲುಪುತ್ತದೆ.

ನಾನು ಕೇಳುತ್ತಿರುವುದು ಇಷ್ಟು. 18ರ ಒಳಗಿನವರಿಗೆ ಸ್ಟ್ರೀಕ್, ಸೌರಮಂಡಲ ಎರಡೂ ಇರಕೂಡದು, ಆಯ್ಕೆಯಾಗಿಯೂ ಇರಕೂಡದು. ದೊಡ್ಡವರಿಗೆ ಇರುವುದಾದರೆ ಇಬ್ಬರೂ ಒಪ್ಪಿ ಒತ್ತಿದಾಗ ಸೊನ್ನೆಗೆ ಬೀಳದೆ, ನಡೆದಷ್ಟು ದಿನವನ್ನು ತೋರಿಸಿ ಮುಗಿಸುವ ಒಂದು ಗುಂಡಿ ಬೇಕು. ಆ ಗುಂಡಿಯ ಮೇಲೆ ಕನ್ನಡದಲ್ಲಿ ಏನು ಬರೆಯಬೇಕೆಂದು ಅವರು ಕೇಳಿದರೆ, ದುಡ್ಡು ತೆಗೆದುಕೊಳ್ಳದೆ ಅನುವಾದಿಸಿಕೊಡುತ್ತೇನೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಇದನ್ನೇ ಪತ್ರವಾಗಿ ಬರೆದಿದ್ದೇನೆ, ಕನ್ನಡದಲ್ಲಿ, ಜೊತೆಗೊಂದು ಇಂಗ್ಲಿಷ್ ಪ್ರತಿ ಇಟ್ಟು. ಸಹಿ ಹಾಕುವವರು ಈ ಮೇಲ್‌ಗೆ ಉತ್ತರಿಸಿ, ನಿಮ್ಮ ಊರಿನ ಹೆಸರು ಮರೆಯದೆ ಬರೆಯಿರಿ. ಮನೆಯಲ್ಲಿ ಹದಿನೆಂಟು ತುಂಬದವರಿದ್ದರೆ ಮೊದಲು ಅವರಿಗೆ ಓದಿ ಹೇಳಿ. ಅವರು ಒಪ್ಪದಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.